ಮುಂದೆ ಬಲ, ಹಿಂದೆ ಎಡ

ಕರೆಂಟಿಗೂ ನನಗೂ ಹುಟ್ಟಿನಿಂದಲೇ ಒಂದು ಒಪ್ಪಂದವಿದೆ. ಅದು ಗಾಡಿಯ ಯಾವ ಮೂಲೆಯಲ್ಲಿ ಅಡಗಿ ಕೂತಿದ್ದರೂ ನನ್ನ ಚಪ್ಪಲಿಯ ಸದ್ದು ಕೇಳಿದರೆ ತಾನಾಗಿ ಎದ್ದು ಬರುತ್ತದೆ. ನಾನು ಬಾನೆಟ್ ಎತ್ತಿದರೆ ಸತ್ತ ಬ್ಯಾಟರಿಯೂ ಮರ್ಯಾದೆಗೆ ಒಂದು ಸಲ ಉಸಿರಾಡುತ್ತದೆ. ಸುತ್ತಮುತ್ತಲ ಏಳು ಊರುಗಳಲ್ಲಿ ಹಳೇ ಗಾಡಿಗೆ ಹೊಸ ವೈರಿಂಗ್ ಹಾಕಬಲ್ಲವನು ನಾನೊಬ್ಬನೇ. ಎರಡನೆಯವನೊಬ್ಬ ಹುಟ್ಟಬೇಕಿತ್ತಂತೆ, ನನ್ನ ಸುದ್ದಿ ಕೇಳಿ ಹಿಂದೆ ಸರಿದನಂತೆ.

ಇಷ್ಟನ್ನೂ, ಗಾಡಿ ರಿಪೇರಿಗೆ ತಂದಿದ್ದ ಅವಳಿಗೆ ಮೊದಲ ಐದು ನಿಮಿಷದಲ್ಲಿ ಹೇಳಿ ಮುಗಿಸಿದ್ದೆ. ಅವಳು ಒಂದಕ್ಷರ ಬಿಡದೆ ಕೇಳಿಸಿಕೊಂಡಳು. ಆಮೇಲೆ ತಲೆಯೆತ್ತಿ ನನ್ನ ಶೆಡ್ಡಿನ ಸೂರು ನೋಡಿದಳು.

"ಅದೆಲ್ಲ ಸರಿ ಮೇಸ್ತ್ರಿ. ನಿಮ್ಮ ಟ್ಯೂಬ್‌ಲೈಟ್ ಯಾಕೆ ಹಾಗೆ ಮಿಣುಕ್ತಾ ಇದೆ?"

ಅದು ಎರಡು ವರ್ಷದಿಂದ ಮಿಣುಕುತ್ತಿತ್ತು. ಕೇಳಿದವರಿಲ್ಲ.

"ಅದು ಮಿಣುಕ್ತಿಲ್ಲ ಮೇಡಂ, ಕಣ್ಣು ಹೊಡೀತಿದೆ," ಅಂದೆ.

ಅವಳು ನಗಲಿಲ್ಲ. ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದುಕೊಂಡಳು. ನಗುವನ್ನು ಹೊಸಿಲು ದಾಟದಂತೆ ತಡೆದು ನಿಲ್ಲಿಸುವವರು ಹಾಗೆ ಮಾಡುತ್ತಾರೆ. ಆ ಕ್ಷಣ ನನ್ನ ಎದೆಯಲ್ಲಿ ಫ್ಯೂಸ್ ಹೋಯಿತು ಎಂದು ನಾನು ಸಾವಿರ ಜನಕ್ಕೆ ಹೇಳಿದ್ದೇನೆ. ಅವಳೊಬ್ಬಳಿಗೆ ಹೇಳುವುದು ಉಳಿದುಹೋಯಿತು. ಈ ಕಥೆ ಆದದ್ದೇ ಅದರಿಂದ.

ಗಾಡಿ ಬಂದದ್ದು ಹಗ್ಗದ ತುದಿಯಲ್ಲಿ. ಶಾಲೆಗೆ ಹೋಗಲ್ಲ ಎಂದು ಕೂತ ಮಗುವನ್ನು ದರದರ ಎಳೆದು ತರುವಂತೆ ಒಂದು ಟ್ರ್ಯಾಕ್ಟರ್ ಅದನ್ನು ಎಳೆದು ತಂದಿತ್ತು. ಹಳೇ ಪಿಕಪ್. ದುಂಡು ಮೂತಿ, ಉಬ್ಬಿದ ಮಡ್‌ಗಾರ್ಡು, ಕಪ್ಪೆಕಣ್ಣಿನಂಥ ಹೆಡ್‌ಲೈಟು, ಹಿಂದೆ ಮರದ ಹಲಗೆ ಹಾಸಿದ ತೊಟ್ಟಿ. ಒಂದು ಕಾಲದಲ್ಲಿ ಹಸಿರಾಗಿದ್ದಿರಬೇಕು, ಈಗ ಬೂದಿ. ಆ ಗಾಡಿ ಮೊದಲು ಹೊರಟ ದಿನ ಇನ್ನೂ ರಸ್ತೆಯೇ ಹುಟ್ಟಿರಲಿಲ್ಲ ಎಂಬುದು ನನ್ನ ಅಂದಾಜು.

ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ ನೋಡಿದೆ. ಬಟ್ಟೆ ಸುತ್ತಿದ ಹಳೇ ಕಾಲದ ವೈರು ಮುಟ್ಟಿದರೆ ರಸ್ಕಿನಂತೆ ಉದುರುತ್ತಿತ್ತು. ಇಲಿಗಳು ನಾಲ್ಕು ತಲೆಮಾರು ಅಲ್ಲೇ ಸಂಸಾರ ಮಾಡಿ, ಮಕ್ಕಳನ್ನೆಲ್ಲ ದಡ ಮುಟ್ಟಿಸಿ, ಹೊರಟುಹೋಗಿದ್ದವು. ಎಲ್ಲ ಕಿತ್ತು ಹೊಸದಾಗಿ ಹಾಕಬೇಕು ಅಂದೆ. ಬೇರೆಯವರಿಗಾದರೆ ಒಂದು ವರ್ಷದ ಕೆಲಸ, ನನಗೆ ಆರು ವಾರ.

ಅವಳದು ನರ್ಸರಿ. ಗುಲಾಬಿಗೆ ಕಸಿ ಕಟ್ಟುವುದರಲ್ಲಿ ಅವಳ ಕೈ ಎತ್ತಿದ ಕೈ ಎಂದು ಆಮೇಲೆ ತಿಳಿಯಿತು. ಗಾಡಿ ಅವಳ ಅಪ್ಪನದು. ಸಸಿ ತುಂಬಿಕೊಂಡು ಜೀವಮಾನವಿಡೀ ಓಡಿಸಿದ್ದರು. ಅವರು ಹೋದಮೇಲೆ ಅದು ಅವಳಿಗೂ ಅವಳ ಅಣ್ಣನಿಗೂ ಅರ್ಧರ್ಧ ಬಂತು. ಅಣ್ಣನಿಗೆ ಪೇಂಟಿನ ಅಂಗಡಿ. ಅವನು ಗುಜರಿಗೆ ಹಾಕೋಣ ಅಂದ, ಇವಳು ಕೂಡದು ಅಂದಳು. ಕೊನೆಗೆ ಒಂದು ಮಾತಾಯಿತು. ಎರಡು ತಿಂಗಳೊಳಗೆ ಗಾಡಿ ರಿಪೇರಿಯಾಗಿ, ಫಿಟ್‌ನೆಸ್ ತಪಾಸಣೆಯಲ್ಲಿ ಪಾಸಾದರೆ ಪೂರ್ತಿ ಅವಳದು. ಇಲ್ಲದಿದ್ದರೆ ಗುಜರಿ.

ಅದರ ಹಿಂದೆ ಇನ್ನೊಂದು ಸಂಗತಿಯಿತ್ತು. ದೂರದ ಊರಿನ ಒಂದು ದೊಡ್ಡ ತೋಟದವರು ಇವಳನ್ನು ಸಸಿ ವಿಭಾಗದ ಮುಖ್ಯಸ್ಥೆಯಾಗಿ ಬಾ ಎಂದು ಕರೆದಿದ್ದರು. ಸ್ವಂತ ಗಾಡಿ ಇರಬೇಕು ಎಂಬುದೊಂದೇ ಷರತ್ತು. ಅಂದರೆ ಗಾಡಿ ಪಾಸಾದ ಮರುದಿನ ಅವಳು ಹೊರಡುವವಳು. ಇದನ್ನು ಅವಳು ಮೊದಲ ದಿನವೇ ಹೇಳಿದಳು, ನಾನೂ ಒಳ್ಳೆಯದೇ ಆಯಿತು ಅಂದೆ. ಆಗ ನನಗೇನು ಗೊತ್ತು.

ನಾನು ಒಂಟಿಯಾಗಿ ಕೆಲಸ ಮಾಡುವವನು. ನನ್ನ ಮಾತನ್ನು ದಿನಕ್ಕೆ ಎಂಟು ಗಂಟೆ ಕೇಳಿ ಬದುಕಿ ಉಳಿದವರು ಯಾರೂ ಇಲ್ಲ. ಆದರೆ ಇಡೀ ಗಾಡಿಯ ವೈರಿಂಗ್ ಒಬ್ಬನಿಂದ ಆಗುವ ಕೆಲಸವಲ್ಲ. ಈ ತುದಿಯಲ್ಲಿ ಒಬ್ಬರು ಸ್ವಿಚ್ ಒತ್ತಬೇಕು, ಆ ತುದಿಯಲ್ಲಿ ಒಬ್ಬರು ದೀಪ ನೋಡಬೇಕು. ಅವಳೇ ಬರುತ್ತೇನೆ ಅಂದಳು. ಬೆಳಿಗ್ಗೆ ಗಿಡಗಳಿಗೆ ನೀರು, ಮಧ್ಯಾಹ್ನ ನನ್ನ ಗಾಡಿಗೆ ಕರೆಂಟು.

ಮೊದಲ ವಾರ ಹಳೇ ವೈರುಗಳನ್ನು ಹುಷಾರಾಗಿ ಹೊರತೆಗೆದೆವು. ತುಂಡು ಮಾಡಿ ಎಳೆಯುವವರು ಕಟುಕರು. ನಾನು ಇಡೀ ಕಟ್ಟನ್ನು ಹಾವಿನ ಪೊರೆಯಂತೆ ಅಖಂಡವಾಗಿ ತೆಗೆಯುತ್ತೇನೆ. ಎರಡು ಡ್ರಮ್ಮಿನ ಮೇಲೆ ಹಳೇ ಬಾಗಿಲೊಂದನ್ನು ಅಡ್ಡ ಮಲಗಿಸಿ, ಅದರ ಮೇಲೆ ಆ ಕಟ್ಟನ್ನು ಹಾಸಿ, ತಿರುವಿಗೊಂದು ಮೊಳೆ ಹೊಡೆದೆ. ಅದೇ ದಾರಿಯಲ್ಲಿ ಹೊಸ ವೈರು ಹರಿಸಿ, ಟೇಪು ಸುತ್ತಿ, ಮತ್ತೆ ಗಾಡಿಯೊಳಗೆ ಕೂರಿಸುವುದು. ಪ್ರತಿ ತುದಿ ಎಲ್ಲಿಗೆ ಹೋಗಬೇಕು ಎಂದು ಬಿಚ್ಚುವಾಗಲೇ ಚೀಟಿ ಕಟ್ಟಬೇಕು.

ಅವಳು ಚೀಟಿಯ ಬದಲು ನರ್ಸರಿಯ ಪ್ಲಾಸ್ಟಿಕ್ ಪಟ್ಟಿಗಳನ್ನು ತಂದಳು, ಕುಂಡದ ಮಣ್ಣಿಗೆ ಸಿಕ್ಕಿಸುವಂಥವು. ಹಳೆಯವು, ಒಂದು ಬದಿಯಲ್ಲಿ ಗಿಡದ ಹೆಸರು ಹಾಗೇ ಇತ್ತು. ನನ್ನ ಹಾರ್ನ್ ವೈರಿನ ಬೆನ್ನ ಮೇಲೆ 'ಕೆಂಪು ದಾಸವಾಳ'. ಬ್ರೇಕ್ ಲೈಟಿನ ಬೆನ್ನ ಮೇಲೆ 'ಸೂಜಿ ಮಲ್ಲಿಗೆ, ನೆರಳಲ್ಲಿಡಿ'. ನನ್ನ ಹಲಗೆಯಂಥ ತೋಟ ಭೂಮಿಯ ಮೇಲೆ ಇನ್ನೊಂದಿರಲಿಲ್ಲ.

ಪಕ್ಕದಲ್ಲೇ ನನ್ನ ಅಕ್ಕನ ಟೈಲರಿಂಗ್ ಅಂಗಡಿ. ನಡುವೆ ಇರುವುದು ಒಂದು ತಗಡು. ನನ್ನ ಶೆಡ್ಡಿನಲ್ಲಿ ಯಾರು ಉಸಿರೆಳೆದರೂ ಅಕ್ಕನ ಮಿಷನ್ ನಿಂತು ಕೇಳಿಸಿಕೊಂಡು ಮುಂದೆ ಹೋಗುತ್ತದೆ. ನರ್ಸರಿಯವಳು ಬಂದ ಎರಡನೇ ವಾರ ಅಕ್ಕ ದಾರ ಕಚ್ಚುತ್ತಾ, ನೀನು ಈಚೆಗೆ ದಿನಾ ಗಡ್ಡ ಕೆರೀತೀಯಲ್ಲ, ಬ್ಲೇಡಿಗೇನು ಬಿಡುವೇ ಇಲ್ಲವಾ ಎಂದು ಕೇಳಿದಳು. ನಾನು ಸೆಕೆ ಅಂದೆ.

ಸ್ವಿಚ್ ಒತ್ತುವ ಆಟ ಆಗ ಶುರುವಾಗಿತ್ತು. ಅವಳು ಕ್ಯಾಬಿನ್ನಿನಲ್ಲಿ, ನಾನು ಟೆಸ್ಟ್ ಲ್ಯಾಂಪ್ ಹಿಡಿದು ಹಿಂದೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಗಾಡಿಯುದ್ದಕ್ಕೂ ಹೋಗುವುದು ಒಂದೇ ಒಂದು ಮಾತು.

"ಬಂತಾ?"

"ಬಂತು."

ಅದರಲ್ಲಿ ಏನೆಲ್ಲ ಇತ್ತು ಎಂದು ಹೇಳಲು ಹೊರಟರೆ ಈ ಕಾಗದ ಸಾಲದು. ಅವಳು 'ಬಂತಾ' ಎನ್ನುವಾಗ ಕೊನೆಯ ದೀರ್ಘ ಕ್ಯಾಬಿನ್ ದಾಟಿ, ತೊಟ್ಟಿ ದಾಟಿ, ನನ್ನ ಕಿವಿಯ ತುದಿಗೆ ಬಂದು ಕೂರುತ್ತಿತ್ತು. ದೀಪ ಬಂದಿದ್ದರೂ ನಾನು ಸುಮ್ಮನಿರುತ್ತಿದ್ದೆ, ಇನ್ನೊಂದು ಸಲ ಕೇಳಲಿ ಎಂದು. ಒಂದು ದಿನ ಹಾಗೆ ಸುಮ್ಮನಿದ್ದಾಗ ಕ್ಯಾಬಿನ್ನಿನ ಹಿಂದಿನ ಪುಟ್ಟ ಗಾಜಿನಲ್ಲಿ ಅವಳ ಎರಡು ಕಣ್ಣು ಮಾತ್ರ ಕಂಡವು. ನೋಡುತ್ತಲೇ ಇದ್ದಳು. ನನ್ನ ಕೈಯಲ್ಲಿ ದೀಪ ಉರಿಯುತ್ತಲೇ ಇತ್ತು.

"ಕೈಯಲ್ಲಿ ಉರೀತಿದೆ. ಬಾಯಲ್ಲಿ ಯಾವಾಗ ಬರುತ್ತೆ ಮೇಸ್ತ್ರಿ?" ಅಂದಳು.

ನಾನು ಹೇಳುವುದನ್ನೆಲ್ಲ ಅವಳು ಹತ್ತರಿಂದ ಭಾಗಿಸುತ್ತಿದ್ದಳು. ಹಾಗೆಂದು ಅವಳೇ ಹೇಳಿದ್ದು. ನಾನು ಐವತ್ತು ಲಾರಿ ಅಂದರೆ ಐದು, ಸಾವಿರ ಸಲ ಅಂದರೆ ನೂರು. ಭಾಗಿಸಿದ ಮೇಲೂ ನೀವು ಪರವಾಗಿಲ್ಲ ಎಂದು ಒಮ್ಮೆ ಹೇಳಿ, ತಾನು ಹೇಳಿದ್ದಕ್ಕೆ ತಾನೇ ಕೆಂಪಾಗಿ, ಮೊಳೆಯ ಡಬ್ಬಿಯೊಳಗೆ ಇಲ್ಲದ ಮೊಳೆ ಹುಡುಕಿದಳು.

'ನೀವು' ಹೋದದ್ದು ಮೂರನೇ ವಾರ. ಇಗ್ನಿಷನ್ ಕಾಯಿಲಿನ ಹತ್ತಿರ ಕೈಯಿಟ್ಟೆ, ಅದು ಒದ್ದ ರಭಸಕ್ಕೆ ನಾನು ಹೋಗಿ ಗೋಡೆಗೆ ಬಿದ್ದೆ. ಅವಳು ಕ್ಯಾಬಿನ್ನಿನಿಂದ ಹಾರಿ ಬಂದು ನನ್ನ ಕೈ ಹಿಡಿದು, ನಿನಗೇನಾದ್ರೂ ಆಯ್ತಾ ಅಂದಳು. ನಲವತ್ತು ಸಾವಿರ ವೋಲ್ಟಿಗೆ ನಾನು ಸಾಯಲಿಲ್ಲ. ಆ ಒಂದು 'ನಿನಗೆ' ಸಾಕಾಯಿತು.

ಅಂದೇ ಹೇಳಬಹುದಿತ್ತು. ಊರ ಮುಂದೆ ಏಳು ಗಾಡಿ ಸುಳ್ಳು ಹೇಳುವ ಬಾಯಿಗೆ ಒಂದು ನಿಜ ಹೇಳಲು ಬರಲಿಲ್ಲ. ಹೋಗಬೇಡ ಎನ್ನಲು ನಾನು ಯಾರು? ಅವಳು ನಕ್ಕುಬಿಟ್ಟರೆ ಏಳು ಊರಿನಲ್ಲಿ ನನ್ನ ಗತಿಯೇನು? ಅದೂ ಅಲ್ಲದೆ ನನ್ನ ಬಳಿ ಬೇರೊಂದು ಉಪಾಯವಿತ್ತು. ಅದು ಮೊದಲ ವಾರದಿಂದಲೇ ಆ ಹಲಗೆಯ ಮೇಲೆ ಮಲಗಿತ್ತು.

ನಮ್ಮ ಕಸುಬಿನಲ್ಲಿ ಕೆಲಸಕ್ಕೆ ನಿಂತವರಿಗೆ ಮೊದಲ ದಿನವೇ ಹೇಳುವ ಮಾತು: ಗಾಡಿಯ ಎಡ ಅಂದರೆ ಡ್ರೈವರ್ ಸೀಟಿನಲ್ಲಿ ಕೂತವನ ಎಡ. ನೀನು ಎಲ್ಲಿ ನಿಂತಿದ್ದರೂ ಅಷ್ಟೇ. ಅವಳಿಗೆ ಅದನ್ನು ಹೇಳುವುದು ನಾನು ಮರೆತಿದ್ದೆ. ಆ ಹೊತ್ತಿಗೆ ನನ್ನ ಪ್ರತಾಪ ಹೇಳುತ್ತಿದ್ದೆ. ನರ್ಸರಿಯಲ್ಲಿ ಪಾತಿಯ ಎದುರು ನಿಂತು ಎಡ ಬಲ ಎಣಿಸುತ್ತಾರೆ. ಅವಳು ಗಾಡಿಯ ಮೂತಿಯ ಎದುರು ನಿಂತು, ತನ್ನ ಎಡಗಡೆ ಇದ್ದ ಇಂಡಿಕೇಟರಿಗೆ 'ಎಡ' ಎಂದೂ ಬಲಗಡೆಯದಕ್ಕೆ 'ಬಲ' ಎಂದೂ ಮುತ್ತಿನಂಥ ಅಕ್ಷರದಲ್ಲಿ ಬರೆದಳು. ಹಿಂದಿನ ದೀಪಗಳಿಗೆ ಬರೆಯುವಾಗ ಗಾಡಿಯ ಹಿಂದೆ ನಿಂತಿದ್ದಳು. ಅವು ಸರಿಯಿದ್ದವು. ಮುಂದಿನವೆರಡು ಮಾತ್ರ ಅದಲು ಬದಲು.

ಅವಳು ಬರೆದ ದಿನವೇ, ಅಂದರೆ ಕೆಲಸದ ಮೂರನೇ ದಿನ, ಅದು ನನ್ನ ಕಣ್ಣಿಗೆ ಬಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆ ಅವಳು ನಕ್ಕಳು. ನಾಡಿದ್ದು ಹೇಳೋಣ ಅಂದುಕೊಂಡೆ. ಮೂರನೇ ವಾರದ ಹೊತ್ತಿಗೆ ಅದು ಮರೆವಾಗಿ ಉಳಿದಿರಲಿಲ್ಲ. ಬೇಸಿಗೆಗೆಂದು ಬಚ್ಚಿಟ್ಟ ನೀರಾಗಿತ್ತು.

ಆರನೇ ವಾರ ಎಲ್ಲ ಮುಗಿಯಿತು. ನನ್ನ ಜನ್ಮದಲ್ಲಿ ಅಂಥ ವೈರಿಂಗ್ ಮಾಡಿಲ್ಲ. ಇದನ್ನು ಮಾತ್ರ ಭಾಗಿಸಬೇಡಿ. ಪ್ರತಿ ತಿರುವು ಬೆರಳಿನಷ್ಟು ನುಣುಪು, ಟೇಪಿನ ಸುತ್ತು ಕೂದಲಿನಷ್ಟು ಸಮ. ಕಡೆಯ ಪರೀಕ್ಷೆಗೆ ಅವಳು ಕ್ಯಾಬಿನ್ನಿನಲ್ಲಿ ಕೂತಳು, ನಾನು ಮೂತಿಯ ಎದುರು ನಿಂತೆ. ಮುಂದಿನ ಇಂಡಿಕೇಟರುಗಳು ಮಡ್‌ಗಾರ್ಡಿನ ಕೆಳಗೆ. ಒಳಗೆ ಕೂತವರಿಗೆ ಕಾಣುವುದಿಲ್ಲ.

ಎಡ ಹಾಕ್ತೀನಿ ಅಂದಳು. ಗಾಡಿಯ ಬಲಗಡೆಯ ದೀಪ ಟಿಕ್ ಟಿಕ್ ಎಂದು ಮಿನುಗಿತು.

"ಬಂತಾ?"

ನಾನು ಆ ದೀಪವನ್ನೇ ನೋಡುತ್ತಾ ನಿಂತಿದ್ದೆ. ತಪಾಸಣೆಯಲ್ಲಿ ಬಿದ್ದರೆ ಗಾಡಿ ಮತ್ತೆ ನನ್ನಲ್ಲಿಗೇ ಬರುತ್ತದೆ. ಹದಿನೈದು ದಿನ ಬಿಟ್ಟು ಮರು ತಪಾಸಣೆ. ಅಣ್ಣನ ಗಡುವು ಅಷ್ಟರಲ್ಲಿ ಮುಗಿಯುವುದಿಲ್ಲ. ಅವಳಿಗೆ ಏನೂ ನಷ್ಟವಿಲ್ಲ, ನನಗೆ ಹದಿನೈದು ದಿನ. ಅಷ್ಟರಲ್ಲಿ ಹೇಳಿಬಿಡುತ್ತೇನೆ. ಈ ಸಲ ಖಂಡಿತ.

"ಬಂತು," ಅಂದೆ.

ನನ್ನ ಬದುಕಿನ ಅತಿ ದೊಡ್ಡ ಸುಳ್ಳು ಎರಡೇ ಅಕ್ಷರದ್ದು. ಅದರಲ್ಲಿ ಉತ್ಪ್ರೇಕ್ಷೆ ಒಂದು ಗುಲಗಂಜಿಯಷ್ಟೂ ಇರಲಿಲ್ಲ.

ತಪಾಸಣೆಗೆ ಅಣ್ಣನೂ ಹೋಗಿದ್ದ. ಅಲ್ಲಿ ನಡೆದದ್ದನ್ನು ಅವಳೇ ಹೇಳಿದಳು, ನನ್ನ ಸ್ಟೂಲಿನ ಮೇಲೆ ಕೂತು, ಗಾಡಿಯ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಎಡ ಇಂಡಿಕೇಟರ್ ಹಾಕಿ ಅಂದಿದ್ದಾರೆ. ಹಿಂದೆ ಎಡ ಬಂದಿದೆ, ಮುಂದೆ ಬಲ ಬಂದಿದೆ. ಸಾಲಿನಲ್ಲಿ ನಿಂತಿದ್ದ ಡ್ರೈವರುಗಳೆಲ್ಲ ಇಳಿದು ಬಂದು ನೋಡಿದ್ದಾರೆ. ಗಾಡಿಗೆ ಮದುವೆ ಮಾಡಿಸಿ, ಆಗ ಒಂದೇ ಕಡೆ ತಿರುಗುತ್ತೆ ಎಂದು ಒಬ್ಬ ಅಂದನಂತೆ. ಅದಕ್ಕೆ ಎಲ್ಲರ ಜೊತೆ ಇವಳೂ ನಕ್ಕಳಂತೆ. ಆಮೇಲೆ ತಪಾಸಣೆಯವರು ವೈರಿಗೆ ಗುರುತು ಹಾಕಿದವರು ಯಾರು ಎಂದು ಕೇಳಿದರು. ನಾನೇ ಅಂದಳು. ಅಷ್ಟೂ ಜನರ ಎದುರು ಅಣ್ಣ ಒಂದು ಮಾತು ಹೇಳಿದ. ಅದನ್ನು ಮಾತ್ರ ಅವಳು ಅವನ ಮಾತಿನಲ್ಲೇ ಹೇಳಿದಳು.

"ಎಡ ಬಲ ಗೊತ್ತಿಲ್ಲದೋಳು ಊರು ಬಿಟ್ಟು ಹೋಗಿ ತೋಟ ನಡೆಸ್ತಾಳಂತೆ."

ನಾನು ಬಾಯಿ ತೆರೆಯಬೇಕಿತ್ತು. ತೆರೆದೆ ಕೂಡ. ಅಷ್ಟರಲ್ಲಿ ಅವಳು, ನೀನು ದೀಪ ಬಂತೋ ಇಲ್ಲವೋ ಅಂತ ಮಾತ್ರ ನೋಡಿದೆ, ನಿನ್ನ ತಪ್ಪೇನಿದೆ, ಗುರುತು ಹಾಕಿದವಳು ನಾನು, ನಿನ್ನ ಕೆಲಸಕ್ಕೂ ಕೆಟ್ಟ ಹೆಸರು ತಂದೆ ಎಂದು ನನ್ನ ಕ್ಷಮೆ ಕೇಳಿದಳು. ಕ್ಷಮೆ ಕೇಳಿದವರ ಎದುರು ತಪ್ಪೊಪ್ಪಿಕೊಳ್ಳುವುದು ಎಷ್ಟು ಕಷ್ಟ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇಡೀ ಕಟ್ಟು ಹೊರಗೆ ತೆಗೆದು ಬಿಚ್ಚಬೇಕಾಗುತ್ತೆ, ಎಂಟು ದಿನ ಹಿಡಿಯುತ್ತೆ ಅಂದೆ. ಅವಳು ತಲೆಯಾಡಿಸಿದಳು.

ಎಂಟು ದಿನ ನನಗೆ ಬೇಕಾದದ್ದೆಲ್ಲ ಸಿಕ್ಕಿತು. ಈಗ ಅವಳು ಬೆಳಿಗ್ಗೆಯಿಂದಲೇ ಬರುತ್ತಿದ್ದಳು. ಹಲಗೆಯ ಆ ಬದಿಯಲ್ಲಿ ಅವಳು, ಈ ಬದಿಯಲ್ಲಿ ನಾನು. ನಡುವೆ ನಾವಿಬ್ಬರೇ ಸುತ್ತಿದ ಟೇಪನ್ನು ನಾವಿಬ್ಬರೇ ಬಿಚ್ಚುತ್ತಿದ್ದೆವು. ಬೆರಳು ಬೆರಳಿಗೆ ತಾಗುತ್ತಿತ್ತು. ಅವಳ ಹಣೆಯ ಮೇಲೆ ಅಂಟಿದ ಕೂದಲನ್ನು ಒಮ್ಮೆ ನಾನೇ ಸರಿಸಿದೆ, ಅವಳು ತಡೆಯಲಿಲ್ಲ. ಕೊನೆಗೂ ದೇವರು ಕಣ್ಣುಬಿಟ್ಟ ಅಂದುಕೊಂಡೆ.

ಆದರೆ ಬರುತ್ತಿದ್ದವಳು ಅವಳಲ್ಲ.

ಅವಳು ನನ್ನ ಮಾತನ್ನು ಭಾಗಿಸುವುದನ್ನು ಬಿಟ್ಟಿದ್ದಳು. ಈ ವೈರನ್ನು ಬಿಚ್ಚಿ ಹಾಸಿದರೆ ಚಂದ್ರನಿಗೆ ಮೂರು ಸುತ್ತು ಬರುತ್ತೆ ಎಂದು ನಾನು ಕೆಣಕಿದೆ. ಹೌದಾ ಅಂದಳು, ಅಷ್ಟೇ. ಕೆಂಪು ವೈರನ್ನು ಕೈಯಲ್ಲೇ ಹಿಡಿದು ಇದು ಕೆಂಪು ಅಲ್ವಾ ಎಂದು ಕೇಳುತ್ತಿದ್ದಳು. ಕೇಳಿದ್ದನ್ನು ಮತ್ತೊಮ್ಮೆ ಕೇಳುತ್ತಿದ್ದಳು. ಒಂದು ದಿನ ಗುಲಾಬಿಗೆ ಕಸಿ ಕಟ್ಟುವಾಗ ಕೈ ನಡುಗಿ ಏಳು ಕಡ್ಡಿ ಹಾಳಾಯಿತು, ಹಾಗೆಂದೂ ಆಗಿರಲಿಲ್ಲ ಎಂದಳು. ದೂರಿನ ಹಾಗಲ್ಲ, ಯಾರದೋ ಸುದ್ದಿ ಹೇಳಿದ ಹಾಗೆ.

ಆರನೇ ದಿನ ಅವಳು ಟೇಪು ಇಸಿದುಕೊಳ್ಳಲು ಕೈ ಚಾಚಿದಳು. ಎಡ ಅಂಗೈಯಲ್ಲಿ ಪೆನ್ನಿನಿಂದ 'ಎ' ಎಂದು ಬರೆದುಕೊಂಡಿದ್ದಳು. ಬಲ ಅಂಗೈಯಲ್ಲಿ 'ಬ'.

ಆ ಸಂಜೆ ಅಕ್ಕ ಮಿಷನ್ನಿಗೆ ಬಟ್ಟೆ ಮುಚ್ಚಿ ನನ್ನ ಬಾಗಿಲಿಗೆ ಬಂದು ನಿಂತಳು.

"ಆ ಹುಡುಗಿ ಒಣಗ್ತಾ ಇದ್ದಾಳೆ ಕಣೋ. ನೀನು ಏನೋ ಮಾಡಿದ್ದೀಯ," ಅಂದಳು.

ನಾನೇನು ಮಾಡಿದೆ ಅಂದೆ. ಅಕ್ಕ ನನ್ನನ್ನು ಸಾಕಿದವಳು, ಉತ್ತರಕ್ಕೆ ನಿಲ್ಲಲಿಲ್ಲ.

ಎಂಟನೇ ದಿನ ಕಟ್ಟು ಮತ್ತೆ ಗಾಡಿಯೊಳಗೆ ಕೂತಿತ್ತು. ಮುಂದಿನ ಜಾಲರಿಯ ಹಿಂದೆ ಎರಡು ಕೊಂಡಿ ಸಿಕ್ಕಿಸುವುದು ಮಾತ್ರ ಬಾಕಿ. ಅವಳು ಫುಟ್‌ಬೋರ್ಡಿನ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ಲೋಟ ಕೆಳಗಿಟ್ಟು, ನನ್ನ ಕಡೆ ನೋಡದೆ ಹೇಳಿದಳು.

"ತೋಟದವರಿಗೆ ಬರಲ್ಲ ಅಂತ ಹೇಳಿಬಿಟ್ಟೆ."

ನನ್ನ ಕೈಯಲ್ಲಿದ್ದ ಕಟಿಂಗ್ ಪ್ಲೇಯರ್ ಅಲ್ಲೇ ನಿಂತಿತು.

"ಯಾವಾಗ?"

"ನಿನ್ನೆ. ಎರಡು ದೀಪಕ್ಕೆ ಗುರುತು ಹಾಕೋಕೆ ಬರದೋಳು ಅಷ್ಟು ದೊಡ್ಡ ತೋಟ ಏನು ನೋಡ್ಕೊಳ್ಳಲಿ. ಅಣ್ಣ ಹೇಳಿದ್ದು ಸುಳ್ಳಲ್ಲ." ಅವಳು ತನ್ನ ಅಂಗೈ ನೋಡಿಕೊಂಡಳು. "ಇಲ್ಲೇ ಇರ್ತೀನಿ. ವೈರ್ ಹಿಡಿಯೋಕೆ ನಿನಗೂ ಒಬ್ಬರು ಬೇಕಲ್ಲ. ನೀನು ಹೇಳಿಕೊಟ್ಟ ಹಾಗೆ ಮಾಡ್ಕೊಂಡು ನಿನ್ನ ಜೊತೆ ಇದ್ದುಬಿಡ್ತೀನಿ. ನಿನಗೆ ಒಪ್ಪಿಗೆಯಾದ್ರೆ."

ನಾನು ಆರು ವಾರ ಕನಸು ಕಂಡ ಮಾತು ಅದು. ಹೆಣ್ಣೊಬ್ಬಳು ತಾನಾಗಿ ಬಂದು, ನನ್ನ ಶೆಡ್ಡಿನೊಳಗೆ ಕೂತು, ನಿನ್ನ ಜೊತೆ ಇರ್ತೀನಿ ಅಂದಿದ್ದಳು. ಹೂಂ ಎಂದರೆ ಮುಗಿಯಿತು. ಸತ್ಯ ಗೊತ್ತಿದ್ದದ್ದು ಲೋಕದಲ್ಲಿ ನನಗೊಬ್ಬನಿಗೆ, ಅದು ನನ್ನ ಜೊತೆ ಚಟ್ಟ ಹತ್ತುತ್ತಿತ್ತು. ಹೂಂ ಅನ್ನಲು ಬಾಯಿಯನ್ನೂ ತೆರೆದೆ. ಆದರೆ ಅವಳು ಅದನ್ನು ಹೇಳಿದ ರೀತಿ ಹೇಗಿತ್ತು ಅಂದರೆ, ಬೆಲೆ ಇಳಿಸಿ ಇಳಿಸಿ ಕೊನೆಗೆ ಯಾರಾದರೂ ಸುಮ್ಮನೆ ತಗೊಂಡು ಹೋಗಲಿ ಎಂದು ರಸ್ತೆಬದಿಗೆ ಇಟ್ಟ ಕುಂಡದ ಹಾಗಿತ್ತು.

"ಆ ಗುರುತು ತಪ್ಪಾಗಿದೆ ಅಂತ ನನಗೆ ಮೂರನೇ ದಿನವೇ ಗೊತ್ತಿತ್ತು," ಅಂದೆ.

"ಈ ಎಂಟರಲ್ಲಿ ಮೂರನೇ ದಿನವಾ?"

"ಅಲ್ಲ. ಮೊದಲನೇ ವಾರ. ನೀನು ಬರೆದ ದಿನವೇ."

ತಗಡಿನ ಆಚೆ ಅಕ್ಕನ ಮಿಷನ್ ನಿಂತಿತ್ತು.

"ಅವತ್ತು ನಾನು ಎಡ ಹಾಕಿದಾಗ ಬಂತು ಅಂದೆಯಲ್ಲ."

"ಅಂದೆ."

"ಬಲಗಡೆದು ಉರಿಯೋದನ್ನ ನೋಡಿ ಅಂದ್ಯಾ?"

"ನೋಡೇ ಅಂದೆ."

ಅವಳು ಎದ್ದು ಗಾಡಿಯ ಮೂತಿಯ ಹತ್ತಿರ ಹೋದಳು. ಜಾಲರಿಯ ಹಿಂದೆ ಬಗ್ಗಿ, ಆ ಎರಡು ಕೊಂಡಿಗಳನ್ನು ನೋಡಿದಳು. ಆರು ವಾರದಲ್ಲಿ ಅವಳು ಕೆಲಸ ಕಲಿತಿದ್ದಳು. ಬಗ್ಗಿದ್ದ ಹಾಗೇ ಕೇಳಿದಳು.

"ಇಡೀ ಕಟ್ಟು ಬಿಚ್ಚೋ ಕೆಲಸವೇ ಇರಲಿಲ್ಲ, ಅಲ್ವಾ? ಇಲ್ಲಿ ಇದನ್ನ ಅತ್ತ, ಅದನ್ನ ಇತ್ತ ಹಾಕಿದ್ರೆ ಸಾಕಾಗಿತ್ತು."

"ಹತ್ತು ನಿಮಿಷದ ಕೆಲಸ."

"ಯಾಕೆ?"

"ಗಾಡಿ ಪಾಸಾದ್ರೆ ನೀನು ಹೋಗ್ತೀಯಲ್ಲ. ಅದಕ್ಕೆ. ನೀನು ಅಂದ್ರೆ ನನಗೆ," ಅಂದೆ. ಮುಂದಿನದು ಬರಲಿಲ್ಲ. ಮಾತಿನ ಮಲ್ಲ ಎಂದು ಹೆಸರಾದವನು ನಾನು.

ಅವಳು ನೆಟ್ಟಗೆ ನಿಂತು ನನ್ನನ್ನು ನೋಡಿದಳು. ಕೋಪ ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ನೀವು ನಿಮ್ಮ ಬಗ್ಗೆ ಎಷ್ಟು ಸುಳ್ಳು ಹೇಳಿದ್ರೂ ನನಗೆ ಇಷ್ಟವಾಗ್ತಿತ್ತು," ಅಂದಳು. "ಮನೆಗೆ ಹೋಗಿ ಅದನ್ನೇ ನೆನೆಸ್ಕೊಂಡು ನಗ್ತಿದ್ದೆ. ಆದರೆ ಇದು ನನ್ನ ಬಗ್ಗೆ ಹೇಳಿದ ಸುಳ್ಳು. ಇದನ್ನ ನಾನೂ ನಂಬಿಬಿಟ್ಟೆ."

ನೀವು ಅಂದಳು. ಮರ್ಯಾದೆ ಕೊಟ್ಟು ಅಷ್ಟು ದೂರ ತಳ್ಳಬಹುದು ಎಂದು ನನಗೆ ಗೊತ್ತಿರಲಿಲ್ಲ.

ಎರಡು ಕೊಂಡಿಗಳನ್ನು ಅವಳೇ ಸಿಕ್ಕಿಸಿದಳು. ನನ್ನ ಕೈಯಿಂದ ಪ್ಲೇಯರ್ ತೆಗೆದುಕೊಂಡಳು, ನನ್ನ ಕೈ ತಾಗದ ಹಾಗೆ. ಬೆರಳು ಒಂದಿಷ್ಟೂ ನಡುಗಲಿಲ್ಲ. ಮುಗಿಸಿ, ನನ್ನನ್ನು ಕ್ಯಾಬಿನ್ನಿನೊಳಗೆ ಕೂರಲು ಹೇಳಿದಳು. ದೀಪ ತಾನೇ ನೋಡುತ್ತೇನೆ ಅಂದಳು.

ಎಡ ಹಾಕಿದೆ. ಅವಳು ನೋಡಿದಳು. ಬಲ ಹಾಕಿದೆ. ನೋಡಿದಳು. ನಾನು ಏನನ್ನೂ ಕೇಳಲಿಲ್ಲ, ಅವಳೂ ಏನನ್ನೂ ಹೇಳಲಿಲ್ಲ. ಬಾನೆಟ್ ಮುಚ್ಚಿದ ಸದ್ದು ಮಾತ್ರ ಕೇಳಿಸಿತು.

ಅಣ್ಣನ ಅಂಗಡಿಗೆ ನಾನೇ ಹೋದೆ. ಅವಳು ಕಳಿಸಲಿಲ್ಲ, ಕಳಿಸುವಷ್ಟು ಮಾತೂ ನಮ್ಮಲ್ಲಿ ಉಳಿದಿರಲಿಲ್ಲ. ಪೇಂಟಿನ ಡಬ್ಬಿಗಳ ನಡುವೆ ನಿಂತು, ಇಬ್ಬರು ಗಿರಾಕಿಗಳ ಎದುರೇ, ಗುರುತಿನ ತಪ್ಪು ನನ್ನದು, ಕೆಲಸದ ಮೊದಲ ಪಾಠವನ್ನು ನಾನು ಅವರಿಗೆ ಹೇಳಿರಲಿಲ್ಲ, ತಿಳಿದ ಮೇಲೂ ಮುಚ್ಚಿಟ್ಟೆ, ಗಾಡಿಯನ್ನು ಬೇಕೆಂದೇ ಫೇಲ್ ಮಾಡಿಸಿದೆ ಎಂದೆ. ಒಂದು ಮಾತನ್ನೂ ಸೇರಿಸಲಿಲ್ಲ. ಅಣ್ಣ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟ. ನನ್ನ ತಂಗಿಯನ್ನು ಊರ ಮುಂದೆ ನನ್ನ ಬಾಯಿಂದಲೇ ಅನ್ನಿಸಿದೆಯಲ್ಲ ಮಾರಾಯ ಅಂದ. ಅವನ ದನಿ ಒಡೆದಿತ್ತು. ಅವನು ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಮರು ತಪಾಸಣೆಯಲ್ಲಿ ಗಾಡಿ ಪಾಸಾಯಿತು. ಆ ಸುದ್ದಿಯನ್ನು ತಂದವಳು ಅಕ್ಕ. ಅವಳ ಬಳಿ ಬಟ್ಟೆ ಹೊಲಿಸುವ ಯಾರೋ ಹೇಳಿದ್ದರು. ಜೊತೆಗೆ ಇನ್ನೊಂದನ್ನೂ ಹೇಳಿದ್ದರು. ಇವಳು ಬರುತ್ತೇನೆ ಎಂದು ತೋಟದವರಿಗೆ ಮತ್ತೆ ತಿಳಿಸುವ ಹೊತ್ತಿಗೆ ಮುಖ್ಯಸ್ಥೆಯ ಜಾಗಕ್ಕೆ ಬೇರೊಬ್ಬರು ಬಂದಾಗಿತ್ತು. ಬೇಕಾದರೆ ಉಳಿದ ಕೆಲಸಗಾರರಲ್ಲಿ ಒಬ್ಬಳಾಗಿ ಬಾ ಅಂದರಂತೆ. ಬರುತ್ತೇನೆ ಅಂದಳಂತೆ. ಅಕ್ಕ ಇಷ್ಟು ಹೇಳಿ, ಊಟ ಮುಚ್ಚಿಟ್ಟಿದ್ದೀನಿ ಎಂದು ಒಳಗೆ ಹೋದಳು. ಬೈಯಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಗಾಡಿ ನನ್ನ ಶೆಡ್ಡಿನ ಮುಂದೆ ಬಂದು ನಿಂತಿತು. ತೋಟದ ಊರಿನ ದಾರಿ ಅದಲ್ಲ, ಬಳಸಿಕೊಂಡೇ ಬರಬೇಕು. ತೊಟ್ಟಿಯ ತುಂಬ ಕುಂಡಗಳು, ಒಂದಕ್ಕೊಂದು ಒರಗಿಸಿ ಗೋಣಿ ಕಟ್ಟಿತ್ತು. ಎಂಜಿನ್ ಸದ್ದು ತೂಗುತೊಟ್ಟಿಲ ಹಾಗೆ ಒಂದೇ ಸಮ ಇತ್ತು. ನಾನು ಕೈಯೊರೆಸಿಕೊಳ್ಳುತ್ತಾ ಹೊರಗೆ ಬಂದು ರೇಡಿಯೇಟರಿನ ಎದುರು ನಿಂತೆ. ಅವಳು ಇಳಿಯಲಿಲ್ಲ. ಕಿಟಕಿಯಿಂದ ಮುಖ ಹೊರಗೆ ಹಾಕಿದಳು. ಮುಖ ಮೊದಲಿನ ಹಾಗಿತ್ತು, ಹೆಚ್ಚುಕಡಿಮೆ.

ಹೇಳಬೇಕಾದದ್ದನ್ನು ರಾತ್ರಿಯಿಡೀ ಜೋಡಿಸಿಟ್ಟಿದ್ದೆ. ನೀನು ಅಂದರೆ ನನಗೆ ಇಷ್ಟ, ಅಷ್ಟೇ ಅಂದೆ.

ಅದು ತನಗೆ ಮೊದಲೇ ಗೊತ್ತಿತ್ತು, ಅದಕ್ಕಾಗಿಯೇ ತಾನು ಟೇಪು ನಿಧಾನವಾಗಿ ಸುತ್ತುತ್ತಿದ್ದೆ ಅಂದಳು. ಆರು ವಾರ ತಾನೂ ಕಾಯುತ್ತಿದ್ದಳಂತೆ. ನಾನು ಕೇಳಿದ್ದರೆ ಆ ತೋಟದ ಊರಿನಲ್ಲೂ ಗಾಡಿಗಳಿವೆ, ಅಲ್ಲಿಗೇ ಬಂದುಬಿಡಿ ಎನ್ನಬೇಕೆಂದಿದ್ದಳಂತೆ. ಹೇಳುವಾಗ ದನಿಯಲ್ಲಿ ಕಹಿ ಇರಲಿಲ್ಲ. ಕಹಿಯನ್ನೆಲ್ಲ ನನಗೇ ಬಿಟ್ಟು ಹೋಗುತ್ತಿದ್ದಳು.

"ಒಂದು ಕೇಳ್ತೀನಿ. ನಿಜ ಹೇಳಿ," ಅಂದಳು. "ಆ ಎಂಟು ದಿನ ನಾನು ಹಾಗೆ ಕೂತು ಟೇಪು ಬಿಚ್ಚುತ್ತಿದ್ದೆನಲ್ಲ. ಆಗ ನಿಮಗೆ ಖುಷಿಯಾಗಿತ್ತಾ?"

ಇಲ್ಲ ಅನ್ನಬಹುದಿತ್ತು. ಅವಳು ಅದನ್ನು ಕೇಳಿಸಿಕೊಂಡು ಹೋಗಲೆಂದೇ ಬಳಸಿ ಬಂದಿದ್ದಳೇನೋ. ಕರುಳು ಕಿತ್ತು ಬಂದಿತ್ತು, ಅನ್ನ ಸೇರಲಿಲ್ಲ, ಸಾವಿರ ಸಲ ಸತ್ತೆ ಎಂದೆಲ್ಲ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತಿದ್ದವು.

"ಆಗಿತ್ತು," ಅಂದೆ.

ಅವಳು ತಲೆಯಾಡಿಸಿದಳು. ಕಿಟಕಿಯಿಂದ ಮುಖ ಒಳಗೆ ತೆಗೆದುಕೊಂಡು ಗೇರ್ ಹಾಕಿದಳು. ನಾನು ಇನ್ನೂ ಗಾಡಿಗೆ ಅಡ್ಡವಾಗಿಯೇ ನಿಂತಿದ್ದೆ. ಅವಳು ಹಾರ್ನ್ ಮಾಡಲಿಲ್ಲ, ಕಾದಳು.

ಆಮೇಲೆ ನಾನೇ ದಾರಿ ಬಿಟ್ಟು ನಿಂತೆ.